ಅಂಗಡಿಯ ನೆಲ ಯಾರದ್ದು? ಚಿಲ್ಲರೆ ವ್ಯಾಪಾರದಲ್ಲಿ ನಿರ್ಧಾರಗಳು ಹುಟ್ಟುವ ಬಗೆ

(ದಾವಣಗೆರೆಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಪಠ್ಯಪುಸ್ತಕದಲ್ಲಿ ಒಂದು ಪುಟ ಇರುತ್ತದೆ. ಮಧ್ಯದಲ್ಲಿ ಒಂದು ಗೆರೆ. ಎಡಕ್ಕೆ ಒಳಗಿನ ಅಂಶಗಳು: ಬಂಡವಾಳ, ಸಿಬ್ಬಂದಿ, ಕಂಪನಿಯ ಗುರಿ, ಮಾಲೀಕರ ಸ್ವಭಾವ. ಬಲಕ್ಕೆ ಹೊರಗಿನ ಅಂಶಗಳು: ಕಾನೂನು, ಪೈಪೋಟಿ, ಗಿರಾಕಿಯ ರುಚಿ, ತಂತ್ರಜ್ಞಾನ, ತೆರಿಗೆ. ಪರೀಕ್ಷೆಯಲ್ಲಿ ಇದನ್ನೇ ಬರೆದರೆ ಅಂಕ ಬರುತ್ತದೆ. ಆದರೆ ಅಂಗಡಿಯ ಬಾಗಿಲಲ್ಲಿ ನಿಂತ ಮ್ಯಾನೇಜರ್‌ಗೆ ಆ ಗೆರೆ ಎಲ್ಲೂ ಕಾಣುವುದಿಲ್ಲ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೆಲಸ ಮಾಡಿದ್ದೇನೆ, ನನಗೆ ಒಂದು ದಿನವೂ ಕಂಡಿಲ್ಲ. ಇವತ್ತು ಆ ಗೆರೆಯ ಬಗ್ಗೆಯೇ ಮಾತಾಡೋಣ.

ಮೊದಲು ನಮ್ಮಪ್ಪನ ಅಂಗಡಿಯ ವಿಷಯ ಹೇಳುತ್ತೇನೆ. ರಾಣೆಬೆನ್ನೂರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಸುತ್ತಲಿನ ಹಳ್ಳಿಯ ರೈತರು. ಅವರ ಕೈಗೆ ದುಡ್ಡು ಬರುವುದು ಹತ್ತಿ, ಮೆಣಸಿನಕಾಯಿ ಮಾರಿದ ಮೇಲೆ. ಅಲ್ಲಿಯವರೆಗೆ ಎಲ್ಲಾ ಉದ್ರಿ. ಜೂನ್ ತಿಂಗಳಲ್ಲಿ ಅಪ್ಪ ದಿನಾ ಸಂಜೆ ಕಟ್ಟೆಯ ಮೇಲೆ ನಿಂತು ಮುಗಿಲು ನೋಡುತ್ತಿದ್ದರು. ಮಳೆ ಹದವಾಗಿ ಬಿದ್ದರೆ ಬೆಲ್ಲದ ಪೆಂಟೆ, ಎಣ್ಣೆ ಡಬ್ಬಿ ಜಾಸ್ತಿ ತರಿಸುವರು. ಮಳೆ ಕೈಕೊಟ್ಟರೆ ತರಿಸುವುದು ಕಮ್ಮಿ, ಉದ್ರಿ ಪುಸ್ತಕ ಮಾತ್ರ ದಪ್ಪ.

ಎಂಬತ್ತರ ದಶಕದ ನಡುವೆ ಬರ ಬಿತ್ತು. ನಮ್ಮ ಎದುರು ಸಾಲಿನಲ್ಲಿ ನಮಗಿಂತ ದೊಡ್ಡ ಅಂಗಡಿ ಇತ್ತು, ಅದು ಮುಚ್ಚಿತು. ನಮ್ಮದು ಉಳಿಯಿತು. ಎದುರಿನ ಅಂಗಡಿಯವರು ನಮ್ಮಪ್ಪನಷ್ಟೇ ಜಾಣರು, ನಮ್ಮಪ್ಪನಷ್ಟೇ ದುಡಿಯುವವರು. ಆದರೆ ಅವರಿಗೆ ತಿಂಗಳ ಬಾಡಿಗೆ ಇತ್ತು. ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿಗೆ ಬಡ್ಡಿ ಕಟ್ಟಬೇಕಿತ್ತು. ನಮಗೆ ಎರಡೂ ಇರಲಿಲ್ಲ. ಬಿದ್ದ ಬರ ಇಬ್ಬರಿಗೂ ಒಂದೇ. ಆಗ ನಾನು ಚಿಕ್ಕವನು, ಅದರ ಅರ್ಥ ಗೊತ್ತಾಗಲಿಲ್ಲ. ಬಾಡಿಗೆ ಮತ್ತು ಬಡ್ಡಿ, ಈ ಎರಡು ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತವೆ.

ಓದು ಮುಗಿಸಿ ನಾನು ಊರೂರಲ್ಲಿ ಸೂಪರ್ ಮಾರ್ಕೆಟ್ ಇರುವ ಒಂದು ಕಂಪನಿ ಸೇರಿದೆ. ಹೆಸರು ಬೇಡ. ಕೆಲವು ವರ್ಷಗಳ ಮೇಲೆ ಉತ್ತರ ಕರ್ನಾಟಕದ ಒಂದು ಊರಿನ ಅಂಗಡಿಗೆ ನನ್ನನ್ನು ಮ್ಯಾನೇಜರ್ ಮಾಡಿದರು. ಹೊಸ ಕಟ್ಟಡ, ಎಸಿ, ಥಳಥಳ ನೆಲ. ಖರೀದಿ ವಿಭಾಗ ಇದ್ದದ್ದು ಬೇರೆ ರಾಜ್ಯದಲ್ಲಿ. ಯಾವ ಅಂಗಡಿಗೆ ಯಾವ ಮಾಲು ಹೋಗಬೇಕು ಅಂತ ಅಲ್ಲಿಂದಲೇ ಪಟ್ಟಿ ಬರುತ್ತಿತ್ತು. ಆ ಪಟ್ಟಿಯಂತೆ ನಮಗೆ ಹತ್ತು ಕಿಲೋದ ಗೋಧಿ ಹಿಟ್ಟಿನ ಚೀಲಗಳು ಲಾರಿಗಟ್ಟಲೆ ಬಂದವು. ಜೋಳ ಒಂದು ಕಾಳೂ ಇರಲಿಲ್ಲ. ರೊಟ್ಟಿ ತಿನ್ನುವ ಊರು ಅದು. ಮೂರನೇ ದಿನವೋ ನಾಲ್ಕನೇ ದಿನವೋ ಒಬ್ಬ ಅಜ್ಜಿ ಎಲ್ಲಾ ಸಾಲು ಸುತ್ತಿ ನನ್ನ ಹತ್ತಿರ ಬಂದರು. "ಯಪ್ಪಾ, ಇಷ್ಟ ದೊಡ್ಡ ಅಂಗಡಿ ಕಟ್ಟೀರಿ, ಜ್ವಾಳ ಇಡಾಕ ಜಾಗ ಇಲ್ಲೇನು?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಹೆಡ್ ಆಫೀಸಿಗೆ ಬರೆದೆ. ಜೋಳ ನಮ್ಮ ಪಟ್ಟಿಯಲ್ಲಿಲ್ಲ ಅಂತ ಉತ್ತರ ಬಂತು. ಹೊಸ ಮಾಲು ಸೇರಿಸಬೇಕಾದರೆ ಹೊಸ ಸಪ್ಲೈಯರ್ ನೋಂದಾಯಿಸಬೇಕು, ಅದಕ್ಕೆ ಮೂರು ಕಡೆ ಸಹಿ ಆಗಬೇಕು. ಅಷ್ಟರಲ್ಲಿ ಹಿಟ್ಟಿನ ಚೀಲಗಳ ಎಕ್ಸ್‌ಪೈರಿ ಬಂತು. ಆ ನಷ್ಟ ಬರೆದದ್ದು ನನ್ನ ಅಂಗಡಿಯ ಲೆಕ್ಕದಲ್ಲಿ.

ಈಗ ಹೇಳಿ, ಇದು ಒಳಗಿನ ಅಂಶವೋ ಹೊರಗಿನ ಅಂಶವೋ? ಜನ ರೊಟ್ಟಿ ತಿನ್ನುವುದು ಹೊರಗಿನ ಸಂಗತಿ. ಅದು ನನಗೆ ಗೊತ್ತಿತ್ತು, ನನ್ನ ಬಿಲ್ಲಿಂಗ್ ಕೌಂಟರ್‌ನ ಹುಡುಗಿಯರಿಗೂ ಗೊತ್ತಿತ್ತು. ಆದರೆ ನಿರ್ಧಾರ ಮಾಡುವವರು ಇದ್ದದ್ದು ಸಾವಿರ ಕಿಲೋಮೀಟರ್ ದೂರದಲ್ಲಿ. ಗೊತ್ತಿದ್ದವರ ಕೈಯಲ್ಲಿ ಅಧಿಕಾರ ಇಲ್ಲ, ಅಧಿಕಾರ ಇದ್ದವರಿಗೆ ಗೊತ್ತಿಲ್ಲ. ಆದರೂ ಆ ಖರೀದಿ ವಿಭಾಗದವರನ್ನು ದಡ್ಡರು ಅನ್ನಬೇಡಿ. ಇಡೀ ದೇಶಕ್ಕೆ ಒಟ್ಟಿಗೆ ಕೊಂಡದ್ದರಿಂದಲೇ ನಮಗೆ ಸೋಪು, ಶಾಂಪೂ, ಪೇಸ್ಟ್ ಅಷ್ಟು ಅಗ್ಗಕ್ಕೆ ಸಿಗುತ್ತಿತ್ತು. ಸೋಪಿಗೆ ಒಳ್ಳೆಯದಾದ ಪದ್ಧತಿ ಜೋಳಕ್ಕೆ ಕೆಟ್ಟದಾಯಿತು. ವರ್ಷದ ಮೇಲೆ ಕಂಪನಿ ಪ್ರತಿ ಅಂಗಡಿಗೂ ಸ್ವಲ್ಪ ಸ್ಥಳೀಯ ಖರೀದಿಗೆ ಒಪ್ಪಿಗೆ ಕೊಟ್ಟಿತು. ನಾನು ಮಂಡಿಗೆ ಹೋಗಿ ಮಾಲದಂಡಿ ಜೋಳ ತಂದೆ. ಜೋಳದಲ್ಲಿ ಉಳಿದ ಲಾಭ ಸ್ವಲ್ಪವೇ. ಆದರೆ ಜೋಳಕ್ಕೆ ಬಂದವರು ಸೋಪೂ ತೊಗೊಂಡು ಹೋದರು.

ಇದು ಒಂದು ಅಂಗಡಿಯ ಕಥೆ. ಈಗ ನಿಮಗೆಲ್ಲ ಗೊತ್ತಿರುವ ಎರಡು ಕಂಪನಿಗಳಿಗೆ ಬರೋಣ: ಬಿಗ್ ಬಜಾರ್ ಮತ್ತು ಡಿಮಾರ್ಟ್. ಒಂದು ಈಗ ಇಲ್ಲ. ಇನ್ನೊಂದರ ಮುಂದೆ ಭಾನುವಾರ ಪಾರ್ಕಿಂಗ್ ಸಿಗುವುದಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿದವು. ಬಿಗ್ ಬಜಾರ್ 2001ರಲ್ಲಿ, ಡಿಮಾರ್ಟ್‌ನ ಮೊದಲ ಅಂಗಡಿ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ.

ಹೊರಗಿನದನ್ನು ಓದುವುದರಲ್ಲಿ ಬಿಗ್ ಬಜಾರ್‌ನ ಕಿಶೋರ್ ಬಿಯಾನಿ ಅವರಷ್ಟು ಚುರುಕಾದವರು ಆ ಕಾಲದಲ್ಲಿ ಯಾರೂ ಇರಲಿಲ್ಲ ಅಂತ ನನ್ನ ಅಭಿಪ್ರಾಯ. ವಿದೇಶದ ಸೂಪರ್ ಮಾರ್ಕೆಟ್‌ಗಳಲ್ಲಿ ಉದ್ದುದ್ದ ನೇರ ಸಾಲು, ನಿಶ್ಶಬ್ದ, ಅಚ್ಚುಕಟ್ಟು. ನಮ್ಮ ಜನ ಅಂಥ ಅಂಗಡಿಯಲ್ಲಿ ಸರಸರ ನಡೆದು ಹೊರಗೆ ಹೋಗಿಬಿಡುತ್ತಾರೆ ಅನ್ನುವುದನ್ನು ಅವರು ಗಮನಿಸಿದರು. ಸಂತೆಯಲ್ಲಿ ನಾವು ಹೇಗೆ ನಿಲ್ಲುತ್ತೇವೆ? ಗುಂಪು ಇದ್ದಲ್ಲಿ ನಿಲ್ಲುತ್ತೇವೆ. ಕಾಳನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ. ಅದಕ್ಕೇ ಅವರು ಬೇಕೆಂದೇ ಅಂಗಡಿಯನ್ನು ಸಂತೆಯ ಹಾಗೆ ಜೋಡಿಸಿದರು. ಗೋಧಿ, ಬೇಳೆಯನ್ನು ತೆರೆದ ಡಬ್ಬದಲ್ಲಿ ಇಟ್ಟರು. ಗದ್ದಲ ಇರಲಿ ಅಂದರು.

2006ರ ಜನವರಿ 26ರಂದು ವರ್ಷದ ಅತಿ ಅಗ್ಗದ ದಿನ ಅಂತ ಮಾರಾಟ ಇಟ್ಟರು. ರಜೆ ದಿನ, ಮನೆಮಂದಿಯೆಲ್ಲ ಬಿಡುವಾಗಿರುತ್ತಾರೆ. ಎಷ್ಟು ಜನ ನುಗ್ಗಿದರು ಅಂದರೆ ಕೆಲವು ಕಡೆ ಪೊಲೀಸರು ಬರಬೇಕಾಯಿತು. ವಾರದ ಮಧ್ಯೆ ವ್ಯಾಪಾರ ಮಂದ ಅಂತ ಬುಧವಾರವನ್ನೇ ಅಗ್ಗದ ದಿನ ಮಾಡಿದರು. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟು ರದ್ದಾದವಲ್ಲ, ಎಟಿಎಂ ಮುಂದೆ ಜನ ಸಾಲು ನಿಂತರಲ್ಲ, ಆ ತಿಂಗಳು ಮುಗಿಯುವುದರೊಳಗೆ ಬಿಗ್ ಬಜಾರ್‌ನಲ್ಲಿ ಡೆಬಿಟ್ ಕಾರ್ಡ್ ಉಜ್ಜಿ ಎರಡು ಸಾವಿರ ರೂಪಾಯಿ ನಗದು ಪಡೆಯುವ ವ್ಯವಸ್ಥೆ ಬಂತು. ದುಡ್ಡಿಗೆ ಬಂದವರು ಅಂಗಡಿಯನ್ನೂ ನೋಡಿ ಹೋಗುತ್ತಾರೆ. ಹೊರಗೆ ಬಿದ್ದ ಪೆಟ್ಟನ್ನು ಎರಡೇ ವಾರದಲ್ಲಿ ಗಿರಾಕಿ ತರುವ ದಾರಿ ಮಾಡಿಕೊಂಡರು. ನಾನಾಗ ಬೇರೆ ಕಂಪನಿಯಲ್ಲಿದ್ದೆ. ಅದನ್ನು ನೋಡಿ ನಿಜಕ್ಕೂ ಬೆರಗಾಗಿದ್ದೆ.

ಇನ್ನು ಡಿಮಾರ್ಟ್. ಅದನ್ನು ಕಟ್ಟಿದ ರಾಧಾಕಿಶನ್ ದಮಾನಿ ಮೂಲತಃ ಷೇರು ಪೇಟೆಯವರು. ಕಾಯುವುದು ಅವರ ಕಸುಬು. ಮೊದಲ ಹತ್ತು ವರ್ಷ ಅಂಗಡಿಗಳು ಬಹಳ ನಿಧಾನಕ್ಕೆ ಹೆಚ್ಚಿದವು. ಅದೇ ಹೊತ್ತಿನಲ್ಲಿ ಚೆನ್ನೈನ ಸುಭಿಕ್ಷಾ ದೇಶದ ತುಂಬ ಸುಮಾರು 1,600 ಅಂಗಡಿ ತೆರೆದಿತ್ತು. ಕೊನೆಗೆ ಸಂಬಳ ಕೊಡಲೂ ದುಡ್ಡಿಲ್ಲದೆ 2009ರಲ್ಲಿ ಕದ ಹಾಕಿತು. ಡಿಮಾರ್ಟ್ 2017ರ ಮಾರ್ಚ್‌ನಲ್ಲಿ ಷೇರು ಪೇಟೆಗೆ ಬಂದಾಗ, ಹದಿನೈದು ವರ್ಷದ ಮೇಲೂ, ಅದರ ಹತ್ತಿರ ಇದ್ದದ್ದು 131 ಅಂಗಡಿ ಅಷ್ಟೇ.

ನಿಧಾನಕ್ಕೆ ಕಾರಣ ಏನು ಗೊತ್ತಾ? ಅವರು ಬಹುಪಾಲು ಅಂಗಡಿಗಳ ಜಾಗವನ್ನು ಕೊಂಡುಕೊಳ್ಳುತ್ತಾರೆ. ಇಲ್ಲವೇ ಬಹಳ ದೀರ್ಘ ಕಾಲದ ಗುತ್ತಿಗೆ. ಮಾಲ್ ಒಳಗೆ ಹೋಗುವುದಿಲ್ಲ. ನಡುಪೇಟೆಯಲ್ಲಿ ಕೊಳ್ಳಲು ಆಗುವುದಿಲ್ಲ, ಅದಕ್ಕೆ ಊರ ಅಂಚಿನ ಬಡಾವಣೆ. ಜಾಗ ಹುಡುಕಿ, ಕಾಗದಪತ್ರ ನೋಡಿ, ದುಡ್ಡು ಕೊಟ್ಟು, ಕಟ್ಟಡ ಏಳಿಸುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ.

ಸ್ವಲ್ಪ ಲೆಕ್ಕ ಹಾಕೋಣ, ಪೆನ್ನು ತೆಗೆಯಿರಿ. ಕಿರಾಣಿ ಮಾಲಿನ ವ್ಯಾಪಾರದಲ್ಲಿ ನೂರು ರೂಪಾಯಿಗೆ ಮಾರಿದರೆ ಸುಮಾರು 85 ರೂಪಾಯಿ ಮಾಲಿಗೇ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಉಳಿದದ್ದು 15. ಅದರಲ್ಲಿ ಸಂಬಳ, ಕರೆಂಟು, ಲಾರಿ ಬಾಡಿಗೆ, ಕಳ್ಳತನ, ಹಾಳಾದ ಮಾಲು, ಎಲ್ಲಾ ಸೇರಿ 8 ಅನ್ನೋಣ. ಉಳಿಯಿತು 7. ಇದರಲ್ಲಿ ಕಟ್ಟಡದ ಬಾಡಿಗೆ 5 ಹೋದರೆ ಕೈಯಲ್ಲಿ 2. ಸಾಲ ಮಾಡಿ ಅಂಗಡಿ ತೆರೆದಿದ್ದರೆ ಬಡ್ಡಿಗೆ ಆ 2 ಕೂಡ ಸಾಲದು. ಬಾಡಿಗೆ, ಬಡ್ಡಿ ಇಲ್ಲದವನ ಕೈಯಲ್ಲಿ 7 ಇರುತ್ತದೆ. ಅವನು ಅದರಲ್ಲಿ 3 ರೂಪಾಯಿ ಬೆಲೆ ಇಳಿಸಿ ಗಿರಾಕಿಗೆ ಕೊಡಬಹುದು. ಬೆಲೆ ಇಳಿದರೆ ಗಿರಾಕಿ ಜಾಸ್ತಿ. ಗಿರಾಕಿ ಜಾಸ್ತಿಯಾದರೆ ಮಾಲು ಬೇಗ ಖಾಲಿ. ಇದು ನಾನು ಹಾಕಿದ ಸರಳ ಲೆಕ್ಕ, ಯಾವುದೇ ಕಂಪನಿಯ ಲೆಕ್ಕಪತ್ರ ಅಲ್ಲ. ಆದರೆ 2024–25ರಲ್ಲಿ ಡಿಮಾರ್ಟ್‌ಗೆ ನೂರು ರೂಪಾಯಿ ವ್ಯಾಪಾರಕ್ಕೆ ಕೊನೆಯಲ್ಲಿ ಉಳಿದ ಲಾಭ ಸುಮಾರು 5 ರೂಪಾಯಿ. ಇಷ್ಟು ತೆಳುವಾದ ಕೆಲಸ ಇದು. ಇಲ್ಲಿ ಒಂದು ರೂಪಾಯಿ ಬಾಡಿಗೆ ಅಂದರೆ ಸಣ್ಣ ಮಾತಲ್ಲ.

ಇನ್ನೊಂದು ಸಂಗತಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಮಾಲು ಕೊಟ್ಟವರಿಗೆ ಡಿಮಾರ್ಟ್ ಬೇಗ ದುಡ್ಡು ಕೊಡುತ್ತದೆ, ಹತ್ತು ದಿನದ ಆಸುಪಾಸಿನಲ್ಲಿ. ಬೇರೆ ಕಡೆ ಸಪ್ಲೈಯರ್‌ಗಳು ವಾರಗಟ್ಟಲೆ ಕಾಯುತ್ತಾರೆ, ಫೋನ್ ಮೇಲೆ ಫೋನ್ ಮಾಡುತ್ತಾರೆ. ನಾನು ಅಂಥ ಫೋನ್‌ಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟಿದ್ದೇನೆ. ಅದರ ನೋವು ಗೊತ್ತಿದೆ. ಬೇಗ ದುಡ್ಡು ಕೊಟ್ಟರೆ ಸಪ್ಲೈಯರ್ ಬೆಲೆ ಬಿಡುತ್ತಾನೆ. ಹಬ್ಬದ ಹೊತ್ತಿಗೆ ಮಾಲು ಕಮ್ಮಿ ಬಿದ್ದರೆ ಮೊದಲ ಲಾರಿ ಯಾರ ಬಾಗಿಲಿಗೆ ಹೋಗುತ್ತದೆ? ದುಡ್ಡು ಕೊಟ್ಟವರ ಬಾಗಿಲಿಗೆ ಅಲ್ವಾ? ಸಪ್ಲೈಯರ್ ಹೊರಗಿನವನು. ಅವನು ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾನೆ ಅನ್ನುವುದು ಮಾತ್ರ ನಿಮ್ಮ ಒಳಗಿನ ಗಲ್ಲಾಪೆಟ್ಟಿಗೆ ಮೇಲೆ ನಿಂತಿದೆ.

ಈಗ 2020ಕ್ಕೆ ಬರೋಣ. ಮಾರ್ಚ್ 24ರ ಮಧ್ಯರಾತ್ರಿಯಿಂದ ಲಾಕ್‌ಡೌನ್. ಇಬ್ಬರಿಗೂ ಒಂದೇ ದಿನ, ಒಂದೇ ಆದೇಶ. ಇಬ್ಬರೂ ಬಟ್ಟೆ, ಪಾತ್ರೆ ಮಾರುವಂತಿಲ್ಲ, ಅಗತ್ಯ ವಸ್ತು ಮಾತ್ರ. ಬಟ್ಟೆ, ಪಾತ್ರೆಯಲ್ಲೇ ಲಾಭ ಜಾಸ್ತಿ ಇರುವುದು, ಹಾಗಾಗಿ ಇಬ್ಬರಿಗೂ ಪೆಟ್ಟು ಬಿತ್ತು. ಡಿಮಾರ್ಟ್‌ನ ವ್ಯಾಪಾರ ಆ ವರ್ಷ ಸುಮಾರು 24,700 ಕೋಟಿಯಿಂದ 23,800 ಕೋಟಿಗೆ ಇಳಿಯಿತು. ಇಳಿಯಿತು ಅಷ್ಟೇ, ನಿಲ್ಲಲಿಲ್ಲ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಷೇರು ಪೇಟೆಗೆ ಬಂದ ಕಂಪನಿಯಲ್ಲಿ ಕನಿಷ್ಠ ಶೇಕಡ 25 ಪಾಲು ಸಾರ್ವಜನಿಕರ ಕೈಯಲ್ಲಿ ಇರಬೇಕು ಅಂತ ಷೇರು ಪೇಟೆಯ ಮೇಲೆ ಕಣ್ಣಿಡುವ ಸಂಸ್ಥೆ ಸೆಬಿಯ ನಿಯಮ. ಡಿಮಾರ್ಟ್‌ಗೆ ಅದಕ್ಕೆ ಮೂರು ವರ್ಷ ಕಾಲಾವಕಾಶ ಇತ್ತು. 2017ರ ಮಾರ್ಚ್‌ಗೆ ಮೂರು ವರ್ಷ ಕೂಡಿಸಿ, 2020ರ ಮಾರ್ಚ್. ಆ ಗಡುವಿಗಾಗಿ 2020ರ ಫೆಬ್ರವರಿಯಲ್ಲಿ ಕಂಪನಿ ಹೊಸ ಷೇರು ಮಾರಿ ಸುಮಾರು 4,098 ಕೋಟಿ ರೂಪಾಯಿ ಎತ್ತಿತು. ಮುಂದಿನ ತಿಂಗಳೇ ಲಾಕ್‌ಡೌನ್. ಕೊರೊನಾ ಬರುತ್ತದೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಒಂದು ಹೊರಗಿನ ನಿಯಮ ಬಲವಂತ ಮಾಡಿದ್ದರಿಂದ, ಇನ್ನೊಂದು ಹೊರಗಿನ ಆಪತ್ತು ಬಂದಾಗ ಒಳಗಿನ ಚೀಲ ತುಂಬಿತ್ತು. ಪಠ್ಯಪುಸ್ತಕದಲ್ಲಿ ಇದನ್ನು ಯಾವ ಸಾಲಿಗೆ ಬರೆಯುತ್ತೀರಿ? ಅದೃಷ್ಟ ಅನ್ನುವವರು ಇದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಉಳಿದರ್ಧ ಏನಂದರೆ, ಸಾಲ ಮುಳುಗಿಸುವಷ್ಟು ಇದ್ದಿದ್ದರೆ ಆ 4,098 ಕೋಟಿ ಬಂದ ದಿನವೇ ಸಾಲ ಕೊಟ್ಟವರ ಪಾಲಾಗುತ್ತಿತ್ತು.

ಅದೇ ಫೆಬ್ರವರಿ, ಮಾರ್ಚ್‌ನಲ್ಲಿ ಬಿಗ್ ಬಜಾರ್ ಕಡೆ ಏನಾಗುತ್ತಿತ್ತು? ಮಾಲೀಕರು ತಮ್ಮ ಷೇರುಗಳಲ್ಲಿ ಬಹುಪಾಲನ್ನು ಒತ್ತೆ ಇಟ್ಟು ಸಾಲ ತಂದಿದ್ದರು. ಷೇರಿನ ಬೆಲೆ ಬಿತ್ತು. ಬೆಲೆ ಬಿದ್ದರೆ ಸಾಲ ಕೊಟ್ಟವರು ಇನ್ನಷ್ಟು ಒತ್ತೆ ಕೇಳುತ್ತಾರೆ. ಕೊಡಲು ಆಗದಿದ್ದರೆ ಒತ್ತೆ ಇಟ್ಟದ್ದನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ. ಅದೇ ಆಯಿತು. ಅದರ ಮೇಲೆ ಲಾಕ್‌ಡೌನ್. ಮೊದಲ ಮೂರು ನಾಲ್ಕು ತಿಂಗಳಲ್ಲಿ ಸುಮಾರು 7,000 ಕೋಟಿ ರೂಪಾಯಿಯ ವ್ಯಾಪಾರ ಹೋಯಿತು, ಬಾಡಿಗೆ ನಿಲ್ಲುವುದಿಲ್ಲ, ಬಡ್ಡಿ ನಿಲ್ಲುವುದಿಲ್ಲ ಅಂತ ಬಿಯಾನಿ ಅವರೇ ಆ ವರ್ಷ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಆ ಮಾತು ಓದಿದಾಗ ನನಗೆ ರಾಣೆಬೆನ್ನೂರಿನ ಎದುರು ಸಾಲಿನ ಅಂಗಡಿ ಕಣ್ಣ ಮುಂದೆ ಬಂತು.

ಸಾಲ ಎಲ್ಲಿಂದ ಬಂತು? ಬೇರೆ ಬೇರೆ ಅಂಗಡಿಗಳನ್ನು ಕೊಂಡದ್ದು ಒಂದು ಕಾರಣ. ಬೆಂಗಳೂರಿನ ಬ್ರಿಗೇಡ್ ರಸ್ತೆಯಿಂದಾಗಿ ನಮಗೆಲ್ಲ ಪರಿಚಯದ ನೀಲಗಿರೀಸ್ ಅನ್ನು ಬಿಗ್ ಬಜಾರ್ ನಡೆಸುತ್ತಿದ್ದ ಕಂಪನಿಗಳ ಗುಂಪು 2014ರಲ್ಲಿ ಕೊಂಡಿತು. ಆಮೇಲೆ ಈಸಿಡೇ, ಹೆರಿಟೇಜ್‌ನ ಅಂಗಡಿಗಳು, 2017ರಲ್ಲಿ ಹೈಪರ್‌ಸಿಟಿ. ಒಂದೊಂದಕ್ಕೂ ಆ ಹೊತ್ತಿಗೆ ಒಳ್ಳೆಯ ಕಾರಣ ಇತ್ತು. ರಿಲಯನ್ಸ್ ಬೆಳೆಯುತ್ತಿತ್ತು, ಅಮೆಜಾನ್, ಫ್ಲಿಪ್‌ಕಾರ್ಟ್ ಬಂದಿದ್ದವು, ಬೇಗ ದೊಡ್ಡದಾಗದಿದ್ದರೆ ಉಳಿಗಾಲ ಇಲ್ಲ ಅನ್ನುವ ಭಯ ಇತ್ತು. ಆ ಭಯ ಸುಳ್ಳೇನಲ್ಲ. ಹೊರಗಿನ ಆ ಪೈಪೋಟಿಯೇ ಒಳಗೆ ಸಾಲವಾಗಿ ಬಂದು ಕೂತಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಆದರೆ ಪಕ್ಕದವರು ಹಾಸಿಗೆಯನ್ನೇ ಎಳೆಯುತ್ತಿದ್ದರೆ ಆ ಮಾತು ಪಾಲಿಸುವುದು ಎಷ್ಟು ಕಷ್ಟ ಅಂತ ನಿರ್ಧಾರ ಮಾಡುವ ಕುರ್ಚಿಯಲ್ಲಿ ಕೂತವರಿಗೇ ಗೊತ್ತು.

ಮುಂದಿನದನ್ನು ಬೇಗ ಹೇಳುತ್ತೇನೆ. 2020ರ ಆಗಸ್ಟ್‌ನಲ್ಲಿ 24,713 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರುವ ಒಪ್ಪಂದ ಆಯಿತು. ಅದಕ್ಕೆ ಹಿಂದಿನ ವರ್ಷ ಅಮೆಜಾನ್ ಇದೇ ಗುಂಪಿನ ಇನ್ನೊಂದು ಕಂಪನಿಯಲ್ಲಿ ದುಡ್ಡು ಹಾಕಿತ್ತು. ನೇರವಾಗಿ ಬಿಗ್ ಬಜಾರ್‌ನಲ್ಲಿ ಹಾಕಲು ವಿದೇಶಿ ಬಂಡವಾಳದ ಕಾನೂನು ಅಡ್ಡ. ಆ ಕರಾರಿನ ಪ್ರಕಾರ ರಿಲಯನ್ಸ್‌ಗೆ ಮಾರುವಂತಿಲ್ಲ ಅಂತ ಅಮೆಜಾನ್ ತಕರಾರು ತೆಗೆಯಿತು. ಸಿಂಗಾಪುರದ ಮಧ್ಯಸ್ಥಿಕೆ, ದೆಹಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಸುಮಾರು ಎರಡು ವರ್ಷ ಕಳೆಯಿತು. ಈ ನಡುವೆ ಬಿಗ್ ಬಜಾರ್‌ಗೆ ಬಾಡಿಗೆ ಕಟ್ಟಲು ಆಗಲಿಲ್ಲ. ಎಷ್ಟೋ ಕಟ್ಟಡಗಳ ಮಾಲೀಕರು ಬಾಡಿಗೆ ಕರಾರನ್ನು ರಿಲಯನ್ಸ್ ಹೆಸರಿಗೆ ಮಾಡಿಕೊಟ್ಟಿದ್ದರು. 2022ರ ಫೆಬ್ರವರಿ ಕೊನೆಯಲ್ಲಿ ರಿಲಯನ್ಸ್ ಆ ಅಂಗಡಿಗಳನ್ನು ವಶಕ್ಕೆ ತೆಗೆದುಕೊಂಡಿತು. ಏಪ್ರಿಲ್‌ನಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಮಾರಾಟಕ್ಕೆ ಒಪ್ಪಲಿಲ್ಲ. ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಆ ಫೆಬ್ರವರಿಯ ದಿನಗಳನ್ನು ಸ್ವಲ್ಪ ಯೋಚಿಸಿ. ಹೆಸರು ತನ್ನದು, ಮಾಲು ತನ್ನದು, ಕೆಲಸಗಾರರು ತನ್ನವರು, ಗಿರಾಕಿಗಳು ತನ್ನವರು. ನೆಲ ಮಾತ್ರ ತನ್ನದಲ್ಲ. ಬೆಳಗಾಗುವಷ್ಟರಲ್ಲಿ ಅಂಗಡಿಯೇ ಇಲ್ಲ. ನನ್ನ ಜೊತೆ ಕೆಲಸ ಮಾಡಿದ್ದ ಹಲವರು ಆಗ ಅಲ್ಲಿದ್ದರು. ಅವರಿಗೆ ಆ ವಾರ ಫೋನ್ ಮಾಡಿದಾಗ ಏನು ಹೇಳಬೇಕೋ ತಿಳಿಯಲಿಲ್ಲ.

ಇದನ್ನು ಕೇಳಿ ಜಾಗ ಕೊಂಡವನೇ ಜಾಣ, ಬಾಡಿಗೆಯವನು ದಡ್ಡ ಅಂತ ಬರೆದುಕೊಂಡುಬಿಡಬೇಡಿ. ಟಾಟಾದವರ ಝುಡಿಯೊ ನೋಡಿ. ಬಾಡಿಗೆ ಜಾಗದಲ್ಲೇ ಊರೂರಿಗೆ ಹಬ್ಬಿದೆ. ಅಲ್ಲಿ ಮಾರುವ ಬಟ್ಟೆಯೆಲ್ಲ ಅವರದೇ ಬ್ರ್ಯಾಂಡ್. ಬೇರೆ ಕಂಪನಿಯ ಮಾಲು ಮಾರುವವನಿಗಿಂತ ಅವರ ಕೈಯಲ್ಲಿ ಉಳಿಯುವುದು ಜಾಸ್ತಿ, ಬಾಡಿಗೆ ತಡೆದುಕೊಳ್ಳುತ್ತದೆ. ಸಕ್ಕರೆ, ಎಣ್ಣೆ ಮಾರುವವನಿಗೆ ಅದೇ ಬಾಡಿಗೆ ಉರುಳು. ಹಾಗಾಗಿ ಬಾಡಿಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಬೇಡಿ. ನೀವು ಏನು ಮಾರುತ್ತೀರಿ, ಅದರಲ್ಲಿ ಎಷ್ಟು ಉಳಿಯುತ್ತದೆ ಅಂತ ಮೊದಲು ಕೇಳಿ.

ಕಾನೂನಿನ ಬಗ್ಗೆ ಎರಡು ಮಾತು. ಯಶವಂತಪುರದ ಮೆಟ್ರೋ ಅಂಗಡಿಗೆ ಹೋದವರಿಗೆ ನೆನಪಿರಬಹುದು, ಕಾರ್ಡ್ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಜರ್ಮನಿಯ ಆ ಕಂಪನಿ ಭಾರತಕ್ಕೆ 2003ರಲ್ಲಿ ಬಂದದ್ದು ಬೆಂಗಳೂರಿನಿಂದಲೇ. ವಿದೇಶಿ ಕಂಪನಿ ಆಗ ಸಗಟು ವ್ಯಾಪಾರ ಮಾಡಬಹುದಿತ್ತು, ಮನೆಗೆ ಸಾಮಾನು ಕೊಳ್ಳುವವರಿಗೆ ಮಾರುವಂತಿರಲಿಲ್ಲ. ಹಾಗಾಗಿ ಕಿರಾಣಿ ಅಂಗಡಿಯವರು, ಹೋಟೆಲಿನವರು ಮಾತ್ರ ಅವರ ಗಿರಾಕಿಗಳು. ಚೀಲದ ಗಾತ್ರ, ಪಾರ್ಕಿಂಗ್, ತೆರೆಯುವ ಹೊತ್ತು, ಎಲ್ಲವೂ ಆ ಒಂದು ನಿಯಮದಿಂದ ಹುಟ್ಟಿದ್ದು. 2012ರಲ್ಲಿ ಹಲವು ಬ್ರ್ಯಾಂಡ್ ಮಾರುವ ಅಂಗಡಿಗಳಲ್ಲಿ ಶೇಕಡ 51 ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಷರತ್ತುಗಳು ಬಹಳ, ಅದರ ಮೇಲೆ ಆಯಾ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಹಾಗಾಗಿ ಮುಂದೆ ಬಂದವರು ಬಹಳ ಕಮ್ಮಿ. ಮೆಟ್ರೋವನ್ನು 2,850 ಕೋಟಿ ರೂಪಾಯಿಗೆ ಕೊಳ್ಳುವುದಾಗಿ 2022ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಹೇಳಿತು.

ತೆರಿಗೆಯೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಪೇಸ್ಟ್ ಮೇಲಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿಯಿತು. ಗಿರಾಕಿಗೆ ಸಂತೋಷದ ಸುದ್ದಿ. ಗೋಡೌನ್ ತುಂಬ ಹಳೆ ಎಂಆರ್‌ಪಿ ಮಾಲು ಇಟ್ಟುಕೊಂಡ ಮ್ಯಾನೇಜರ್ ಏನು ಮಾಡಬೇಕು? ಕಮ್ಮಿ ಆಗುತ್ತದೆ ಅಂತ ಗೊತ್ತಾದ ಮೇಲೆ ಜನ ಕೊಳ್ಳುವುದನ್ನು ಮುಂದೂಡುತ್ತಾರೆ. ನೀವು ತರಿಸುವುದನ್ನು ನಿಲ್ಲಿಸಿದರೆ 22ರ ಬೆಳಿಗ್ಗೆ ನಿಮ್ಮ ಕಪಾಟು ಖಾಲಿ. ತರಿಸಿದರೆ ಸ್ಟಿಕ್ಕರ್ ಅಂಟಿಸುವ ಕೆಲಸ. ಹದಿನೈದು ದಿನದ ಸ್ಟಾಕ್ ಇಟ್ಟವನಿಗೆ ಇದು ಒಂದು ವಾರದ ತಲೆಬಿಸಿ. ಎರಡು ತಿಂಗಳ ಸ್ಟಾಕ್ ಇಟ್ಟವನಿಗೆ ದೀಪಾವಳಿವರೆಗೂ ತಲೆನೋವು.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬೆಂಗಳೂರಿನಲ್ಲಿ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಹಾಕಿದರು. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ ಅಂತ ಹೇಳಿಕೊಳ್ಳಲು ಅವರಲ್ಲಿ ಲೆಕ್ಕದ ಪುಸ್ತಕ ಇರಲಿಲ್ಲ. ನನಗೆ ಅದು ನಿಜಕ್ಕೂ ಬೇಸರ ತಂದಿತು. ಎಷ್ಟೋ ಮಂದಿ ತಪ್ಪು ಮಾಡಿರಲಿಲ್ಲ, ಬರೆದಿಟ್ಟಿರಲಿಲ್ಲ ಅಷ್ಟೇ. ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಆಮೇಲೆ ಸರ್ಕಾರ ಹೇಳಿತು. ಆದರೆ ಆ ಎರಡು ವಾರ ಅವರು ಕಳೆದ ರೀತಿ ಯಾರಿಗೂ ಬೇಡ.

ಕೊನೆಗೆ ಡಿಮಾರ್ಟ್‌ಗೇ ವಾಪಸ್ ಬರುತ್ತೇನೆ. ಅದರ ಕಥೆ ಇನ್ನೂ ನಡೆಯುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಕಂಪನಿ ತನ್ನ ಮೂರು ತಿಂಗಳ ಲೆಕ್ಕ ಕೊಟ್ಟಿತು. ದೊಡ್ಡ ನಗರಗಳ ಅಂಗಡಿಗಳ ಮೇಲೆ ಆನ್‌ಲೈನ್ ಕಿರಾಣಿಯ ಪರಿಣಾಮ ಸ್ಪಷ್ಟವಾಗಿ ಕಾಣುತ್ತಿದೆ ಅಂತ ಕಂಪನಿಯೇ ಹೇಳಿತು. ಮುಂದಿನ ವಹಿವಾಟಿನ ದಿನವೇ ಷೇರು ಶೇಕಡ 8ಕ್ಕೂ ಜಾಸ್ತಿ ಬಿತ್ತು. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವವರು ಓಣಿ ಓಣಿಯಲ್ಲಿ ಸಣ್ಣ ಗೋಡೌನ್ ಬಾಡಿಗೆಗೆ ಹಿಡಿಯುತ್ತಾರೆ. ಇಂದು ಹಿಡಿದು ಮುಂದಿನ ತಿಂಗಳು ಶುರು. ಬೇಡವಾದರೆ ಬಿಟ್ಟು ಹೋಗುತ್ತಾರೆ. ಊರ ಅಂಚಿನಲ್ಲಿ ನೆಲ ಕೊಂಡು ದೊಡ್ಡ ಕಟ್ಟಡ ಕಟ್ಟಿದವರಿಗೆ ಅಷ್ಟು ಬೇಗ ತಿರುಗಲು ಆಗುವುದಿಲ್ಲ. 2020ರಲ್ಲಿ ಕಾಪಾಡಿದ ಅದೇ ನೆಲ ಈಗ ಕಾಲಿಗೆ ಭಾರವೂ ಹೌದು. ಆದರೆ ತಿಂಗಳ ಸಾಮಾನು ಚೀಟಿ ಬರೆದುಕೊಂಡು, ಸ್ಕೂಟರ್ ಮೇಲೆ ಹೋಗಿ, ನೂರು ರೂಪಾಯಿ ಉಳಿಸಿಕೊಂಡು ಬರುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಬಹಳ ಇವೆ. ಅವರು ಹತ್ತು ನಿಮಿಷಕ್ಕೆ ಜಾಸ್ತಿ ದುಡ್ಡು ಕೊಡುತ್ತಾರಾ? ಬೆಂಗಳೂರಿನ ಉತ್ತರ ಬೇರೆ ಇರಬಹುದು, ದಾವಣಗೆರೆಯದು ಬೇರೆ. 2025ರ ಮಾರ್ಚ್‌ಗೆ 415 ಅಂಗಡಿ ಇದ್ದ ಕಂಪನಿ ಈಗಲೂ ಹೊಸ ಜಾಗ ಕೊಳ್ಳುತ್ತಲೇ ಇದೆ. ಅವರ ನಂಬಿಕೆ ಏನು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಹರಿಹರದಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇದೆ. ಎದುರಿಗೇ ದೊಡ್ಡ ಸೂಪರ್ ಮಾರ್ಕೆಟ್ ಬರುತ್ತಿದೆ. ನಾವು ಏನು ಮಾಡಬೇಕು?" ಅವಳಿಗೆ ಹೇಳಿದ್ದನ್ನು ಇಲ್ಲಿ ಇಡುತ್ತೇನೆ.

ನೋಡಮ್ಮ, ಅಂಗಡಿ ನಿಮ್ಮದೋ ಬಾಡಿಗೆಯದೋ? ನಿಮ್ಮದೇ ಅಂದೆ. ಒಳ್ಳೆಯದು, ಅಲ್ಲಿಗೆ ಅರ್ಧ ಭಯ ಬಿಡು. ಸಕ್ಕರೆ, ಎಣ್ಣೆ, ಸೋಪಿನ ಬೆಲೆಯಲ್ಲಿ ಅವರ ಜೊತೆ ಜಿದ್ದಿಗೆ ಬೀಳಬೇಡಿ, ಆಗುವುದಿಲ್ಲ. ಇವತ್ತು ಸಂಜೆ ಮನೆಗೆ ಹೋಗಿ ಉದ್ರಿ ಪುಸ್ತಕದ ಕೊನೆಯ ಹತ್ತು ಪುಟ ತೆಗೆದು ನೋಡು. ಯಾರು ಪ್ರತಿ ತಿಂಗಳು ತಪ್ಪದೆ ಕೊಡುತ್ತಾರೆ, ಯಾರು ಆರು ತಿಂಗಳಿಂದ ಕೊಟ್ಟಿಲ್ಲ, ಬೇರೆ ಬೇರೆ ಬರೆ. ತಪ್ಪದೆ ಕೊಡುವವರ ಮನೆಗೆ ಸಾಮಾನು ನೀವೇ ಮುಟ್ಟಿಸಿ. ಆಮೇಲೆ ಕಪಾಟಿನಲ್ಲಿ ಮೂರು ತಿಂಗಳಿಂದ ಅಲುಗಾಡದೆ ಕೂತ ಮಾಲು ಯಾವುದು ಅಂತ ಅಪ್ಪನ ಜೊತೆ ಕೂತು ಎಣಿಸು. ಅದನ್ನು ಸಿಕ್ಕ ಬೆಲೆಗೆ ಮಾರಿ, ಬಂದ ದುಡ್ಡಲ್ಲಿ ನಿಮ್ಮ ಹೋಲ್‌ಸೇಲ್‌ನವರ ಬಾಕಿ ತೀರಿಸಿ. ಸೂಪರ್ ಮಾರ್ಕೆಟ್ ಬಾಗಿಲು ತೆರೆಯುವ ದಿನ ನಿಮ್ಮ ಮೇಲೆ ಯಾರ ಬಾಕಿಯೂ ಇರಬಾರದು. ಅಷ್ಟಾದ ಮೇಲೆ ನನಗೆ ಫೋನ್ ಮಾಡು, ಆ ಪಟ್ಟಿ ಇಟ್ಟುಕೊಂಡು ಒಟ್ಟಿಗೆ ಕೂತು ನೋಡೋಣ.